ಕೂಸಿನ ಹೃದಯದ ತೂತು, ಶ್ವಾಸಕೋಶದ ಒತ್ತಡ, ಊರಿನ ದೂರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಂದೆ-ತಾಯಿಗಳು, ಅಜ್ಜಿಯರು, ಆಶಾ ಕಾರ್ಯಕರ್ತೆಯರು ಎಕೋ (ಹೃದಯದ ಸ್ಕ್ಯಾನಿಂಗ್) ಕೋಣೆಯ ಹೊರಗಿನ ಬೆಂಚಿನ ಮೇಲೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮಕ್ಕಳ ಹೃದ್ರೋಗ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡುವಾಗ ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಒಂದೇ: ಸಮಯಕ್ಕೆ ಬಂದಿದ್ದರೆ ಪೂರ್ತಿ ಗುಣವಾಗುತ್ತಿದ್ದ ಮಗು, ಶ್ವಾಸಕೋಶ ಕೆಟ್ಟ ಮೇಲೆ ಬರುವುದು. ಕೆಳಗಿನ ಉತ್ತರಗಳೆಲ್ಲ ಆ ತಡವನ್ನು ತಪ್ಪಿಸಲೆಂದೇ ಬರೆದವು. ಔಷಧದ ಪ್ರಮಾಣ ಎಲ್ಲೂ ಬರೆದಿಲ್ಲ. ಅದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು.

## ಮೊದಮೊದಲ ಪ್ರಶ್ನೆಗಳು

ಕೂಸಿನ ಹೃದಯದಾಗ ತೂತ ಐತಿ ಅಂದ್ರು. ರಕ್ತ ಹೊರಗ ಸೋರ್ತೈತೇನ್ರಿ?

ಹೊರಗೆ ಸೋರುವುದಿಲ್ಲ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಬಲಗಡೆಯ ಎರಡು ಕೋಣೆ ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯ ಎರಡು ಕೋಣೆ ಮೈಗೆ ತಳ್ಳುತ್ತವೆ. ಎಡ-ಬಲಗಳ ನಡುವೆ ಗೋಡೆ ಇದೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಆ ಗೋಡೆ ಪೂರ್ತಿ ಕೂಡಿಕೊಳ್ಳದಿದ್ದರೆ ತೂತು ಉಳಿಯುತ್ತದೆ. ಮೇಲಿನ ಕೋಣೆಗಳ ನಡುವೆ ಇದ್ದರೆ ರಿಪೋರ್ಟಿನಲ್ಲಿ ಎಎಸ್‌ಡಿ ಎಂದೂ, ಕೆಳಗಿನ ಕೋಣೆಗಳ ನಡುವೆ ಇದ್ದರೆ ವಿಎಸ್‌ಡಿ ಎಂದೂ ಬರೆದಿರುತ್ತಾರೆ. ಪಿಡಿಎ ಎಂದಿದ್ದರೆ, ಗರ್ಭದಲ್ಲಿದ್ದಾಗ ಬೇಕಿದ್ದ ಒಂದು ನಾಳ ಹುಟ್ಟಿದ ಮೇಲೂ ಮುಚ್ಚಿಕೊಂಡಿಲ್ಲ ಎಂದರ್ಥ.

ಎಡಗಡೆ ಒತ್ತಡ ಜಾಸ್ತಿ. ಹಾಗಾಗಿ ರಕ್ತ ತೂತಿನ ಮೂಲಕ ಎಡದಿಂದ ಬಲಕ್ಕೆ ನುಗ್ಗಿ, ಆಗಲೇ ಶ್ವಾಸಕೋಶಕ್ಕೆ ಹೋಗಿ ಬಂದದ್ದು ಮತ್ತೊಮ್ಮೆ ಅಲ್ಲಿಗೇ ಹೋಗುತ್ತದೆ. ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಎರಡು-ಮೂರು ಪಟ್ಟು ರಕ್ತ ಹರಿಯುವುದೂ ಉಂಟು. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದ ಒಂದಲ್ಲ ಒಂದು ಜನ್ಮದೋಷ ಇರುತ್ತದೆ. ನಿಮ್ಮ ಮನೆಯಲ್ಲಿ ಮಾತ್ರ ಆದದ್ದಲ್ಲ.

ಬಸಿರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು ಅಂತ ಅತ್ತಿ ಬೈತಾರ. ಅದಕ್ಕ ಆಗೇತೇನು?

ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೃದಯದ ಗೋಡೆಗಳು ಗರ್ಭ ನಿಂತ ಮೊದಲ ಎಂಟು ವಾರಗಳಲ್ಲೇ ರೂಪುಗೊಳ್ಳುತ್ತವೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ತಾವು ಬಸಿರೆಂದೇ ಗೊತ್ತಿರುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಒಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಸಂಭವ ಹೆಚ್ಚಿಸುವ ಕೆಲವು ಕಾರಣಗಳು ಗೊತ್ತಿವೆ: ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗಲುವುದು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಫಿಟ್ಸಿನ ಕೆಲವು ಮಾತ್ರೆಗಳು, ಡೌನ್ ಸಿಂಡ್ರೋಮಿನಂಥ ಕ್ರೋಮೋಸೋಮ್ ವ್ಯತ್ಯಾಸ.

ನಮ್ಮ ಭಾಗಕ್ಕೆ ಇನ್ನೊಂದು ಸೇರಿಸಬೇಕು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಇಲ್ಲಿ ಇನ್ನೂ ಸಾಮಾನ್ಯ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹೃದಯದ ಜನ್ಮದೋಷ ಹೆಚ್ಚಾಗಿ ಕಾಣಿಸುತ್ತದೆ. ಆಗಿಹೋದ ಮದುವೆಗೆ ಯಾರನ್ನೂ ಬೈಯುವ ಅಗತ್ಯವಿಲ್ಲ. ಮುಂದಿನ ಬಸಿರಿನಲ್ಲಿ 18ರಿಂದ 22ನೇ ವಾರದೊಳಗೆ ಗರ್ಭಸ್ಥ ಶಿಶುವಿನ ಹೃದಯದ ಎಕೋ ಮಾಡಿಸಿ. ಅತ್ತೆಯವರನ್ನೂ ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಬನ್ನಿ. ಈ ಮಾತನ್ನು ಅವರು ವೈದ್ಯರ ಬಾಯಿಂದಲೇ ಕೇಳಿದರೆ ಒಳ್ಳೆಯದು.

ಮೊಲಿ ಕುಡಿಯುವಾಗ ಹಣಿ ಮ್ಯಾಲ ಬೆವರ ಬರ್ತದ. ಸೆಕಿ ಇರಬೇಕು ಅಂತ ಬಿಟ್ಟಿವಿ. ಅದು ರೋಗದ ಗುರುತೇನು?

ಸೆಕೆಗೆ ಎಲ್ಲ ಕೂಸುಗಳೂ ಬೆವರುತ್ತವೆ. ಆದರೆ ಎರಡು ಗುಟುಕು ಕುಡಿದು ದಣಿದು ಬಿಡುವುದು, ಮತ್ತೆ ಅಳುವುದು, ಹಣೆ ಒದ್ದೆಯಾಗುವುದು, ಪಕ್ಕೆ ಒಳಗೆ ಎಳೆದುಕೊಳ್ಳುವಂತೆ ಜೋರಾಗಿ ಉಸಿರಾಡುವುದು, ತಿಂಗಳು ಕಳೆದರೂ ತೂಕ ಏರದಿರುವುದು, ಮೇಲಿಂದ ಮೇಲೆ ನ್ಯುಮೋನಿಯಾ ಆಗುವುದು: ಇವು ಕೂಡಿ ಬಂದರೆ ಎಕೋ ಆಗಲೇಬೇಕು. ಎರಡು ತಿಂಗಳೊಳಗಿನ ಕೂಸು ಸುಮ್ಮನಿದ್ದಾಗ ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ಅದು ಸಹಜವಲ್ಲ. ಮೊಬೈಲ್ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ.

ತುಟಿ, ನಾಲಿಗೆ ನೀಲಿಯಾಗುವುದು ಬೇರೆ ಗುಂಪಿನ ದೋಷಗಳ ಗುರುತು. ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗೇ ಇರುವ ಫ್ಯಾಲೋ ಟೆಟ್ರಾಲಜಿ ಅಂಥದ್ದು. ಆಡುತ್ತಾ ಆಡುತ್ತಾ ಮಗು ದಣಿದು ಕುಕ್ಕರುಗಾಲಲ್ಲಿ ಕೂತು ಸುಧಾರಿಸಿಕೊಂಡರೆ ಅದನ್ನು ಆಟವೆಂದುಕೊಳ್ಳಬೇಡಿ.

ಹುಟ್ಟಿದಾಗ ಡಾಕ್ಟ್ರು ನೋಡಿ ಎಲ್ಲಾ ಛಲೋ ಐತಿ ಅಂದಿದ್ರು. ಎರಡ ತಿಂಗಳಾದ ಮ್ಯಾಲ ತೂತ ಹೆಂಗ ಬಂತು?

ತೂತು ಆಗಲೂ ಇತ್ತು. ಗರ್ಭದಲ್ಲಿ ಶ್ವಾಸಕೋಶ ಕೆಲಸ ಮಾಡುವುದಿಲ್ಲ, ಅದರ ರಕ್ತನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಮೇಲೆ ಆ ಬಿಗಿ ಆರರಿಂದ ಎಂಟು ವಾರಗಳಲ್ಲಿ ನಿಧಾನವಾಗಿ ಸಡಿಲುತ್ತದೆ. ಅಲ್ಲಿಯತನಕ ತೂತಿನಲ್ಲಿ ಹೆಚ್ಚು ರಕ್ತ ನುಗ್ಗುವುದಿಲ್ಲ, ಸ್ಟೆತಾಸ್ಕೋಪಿಗೆ ಸದ್ದೂ ಕೇಳಿಸದಿರಬಹುದು. ಹೆರಿಗೆ ಮಾಡಿಸಿದ ವೈದ್ಯರು ತಪ್ಪು ಹೇಳಿದರು ಎಂದು ಇದರಿಂದ ತೀರ್ಮಾನಿಸಲಾಗದು. ಆರನೇ ವಾರದ ಚುಚ್ಚುಮದ್ದಿಗೆ ಹೋದಾಗ "ಎದೆಯ ಸದ್ದನ್ನೂ ಒಮ್ಮೆ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿ. ಆ ಹೊತ್ತಿಗೆ ಸಾಮಾನ್ಯವಾಗಿ ಸದ್ದು ಕೇಳಿಸುತ್ತದೆ.

ಬೆರಳಿಗೆ ಹಾಕೋ ಆಕ್ಸಿಜನ್ ಕ್ಲಿಪ್ಪಿನಿಂದ ಇದು ಗೊತ್ತಾಗ್ತದೇನು?

ಗಂಭೀರವಾದ ಕೆಲವು ದೋಷಗಳು ಗೊತ್ತಾಗುತ್ತವೆ. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೂ ಒಂದು ಕಾಲಿಗೂ ಹಾಕಿ ನೋಡುತ್ತಾರೆ. ಎರಡೂ ಓದುಗಳು ಚೆನ್ನಾಗಿದ್ದು, ನಡುವಿನ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. 90ಕ್ಕಿಂತ ಕಡಿಮೆ ಬಂದರೆ ತಕ್ಷಣ ಎಕೋ ಆಗಬೇಕು. 90ರಿಂದ 94ರ ನಡುವೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಸಾದಾ ವಿಎಸ್‌ಡಿ, ಎಎಸ್‌ಡಿ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಕೊರೊನಾ ಕಾಲದಲ್ಲಿ ತಂದ ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ನಿಲ್ಲುವುದಿಲ್ಲ, ಪಟ್ಟಿಯಂತೆ ಸುತ್ತುವ ಶಿಶು ಪ್ರೋಬ್ ಬೇಕು.

ತಾನಾ ಮುಚ್ಚಿಕೊಳ್ತದ ಅಂತಾರ. ಕಾಯೂಣೇನು?

ಯಾವ ತೂತು, ಎಷ್ಟು ದೊಡ್ಡದು ಎಂಬುದರ ಮೇಲೆ ಇದು ನಿಂತಿದೆ. ಗೋಡೆಯ ಮಾಂಸಲ ಭಾಗದಲ್ಲಿರುವ ಚಿಕ್ಕ ವಿಎಸ್‌ಡಿಗಳು ಬಹಳಷ್ಟು ತಾವಾಗಿ ಮುಚ್ಚುತ್ತವೆ. ದೊಡ್ಡವು ಮುಚ್ಚುವುದಿಲ್ಲ. ದೊಡ್ಡ ವಿಎಸ್‌ಡಿ ಮತ್ತು ದೊಡ್ಡ ಪಿಡಿಎಗೆ 3ರಿಂದ 6 ತಿಂಗಳೊಳಗೆ ಚಿಕಿತ್ಸೆ ಆಗಬೇಕು. ಎಎಸ್‌ಡಿಗೆ ಅಷ್ಟು ಅವಸರವಿಲ್ಲ, 2ರಿಂದ 4 ವರ್ಷದೊಳಗೆ ಸಾಕು. ಬಹಳ ಸಲ ಎದೆ ತೆರೆಯದೆ, ತೊಡೆಯ ನಾಳದಿಂದ ಛತ್ರಿಯಂಥ ಡಿವೈಸ್ ಕೂರಿಸಿ ಮುಚ್ಚುತ್ತಾರೆ. ಫ್ಯಾಲೋ ಟೆಟ್ರಾಲಜಿಗೆ 6ರಿಂದ 12 ತಿಂಗಳು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿದ್ದರೆ ಲೆಕ್ಕ ವಾರಗಳದು, ಮೂರು ವಾರದೊಳಗೆ ಶಸ್ತ್ರಚಿಕಿತ್ಸೆ ಆಗಿಬಿಡುವುದು ಒಳ್ಳೆಯದು.

ಎಕೋ ಮಾಡಿದವರನ್ನು "ಕಾಯಬೇಕೇ" ಎಂದು ಕೇಳಬೇಡಿ. "ಯಾವ ತಾರೀಖಿನತನಕ ಕಾಯಬೇಕು" ಎಂದು ಕೇಳಿ, ಆ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ಇನ್ನಷ್ಟು ತೂಕ ಹೆಚ್ಚಾಗ್ಲಿ, ಆಮ್ಯಾಲ ಆಪರೇಷನ್ ಮಾಡಸ್ತೀವಿ ಅಂದ್ರ ನಡೀತೈತೇನು?

ತೂಕ ಏರದಿರುವುದಕ್ಕೆ ಆ ತೂತೇ ಕಾರಣ. ಕುಡಿದ ಹಾಲೆಲ್ಲ ಉಸಿರಾಟದ ದುಡಿಮೆಗೇ ಖರ್ಚಾಗುತ್ತದೆ. ತೂತು ಮುಚ್ಚಿದ ಮೇಲೆ ಅದೇ ಕೂಸು ಕೆಲವೇ ತಿಂಗಳಲ್ಲಿ ಮೈ ತುಂಬಿಕೊಳ್ಳುವುದನ್ನು ನೋಡುವುದು ಈ ಕೆಲಸದ ದೊಡ್ಡ ಸಂತೋಷ. ಅನುಭವವಿರುವ ತಂಡಗಳು 3-4 ಕಿಲೋ ತೂಕದ ಕೂಸುಗಳಿಗೂ ಶಸ್ತ್ರಚಿಕಿತ್ಸೆ ಮಾಡುತ್ತವೆ. ತೂಕಕ್ಕಾಗಿ ಕಾಯಿಸಬೇಕೋ ಬೇಡವೋ ಎಂಬುದನ್ನು ಮಕ್ಕಳ ಹೃದಯ ತಜ್ಞರೇ ಹೇಳಲಿ. ಮನೆಯಲ್ಲಿ ಕೂತು ನಿರ್ಧರಿಸಬೇಡಿ.

## ಶ್ವಾಸಕೋಶದ ಒತ್ತಡ

ಪಲ್ಮನರಿ ಹೈಪರ್‌ಟೆನ್ಶನ್ ಅಂದ್ರ ಬಿ.ಪಿ. ಅಲ್ಲೇನು? ತೋಳಿಗೆ ಪಟ್ಟಿ ಕಟ್ಟಿ ನೋಡಿದ್ರ ಬಿ.ಪಿ. ನಾರ್ಮಲ್ ಬಂತಲ್ಲ!

ತೋಳಿನ ಪಟ್ಟಿ ಅಳೆಯುವುದು ಹೃದಯದ ಎಡಭಾಗದಿಂದ ಮೈಗೆ ಹೋಗುವ ರಕ್ತದ ಒತ್ತಡ. ಇದು ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ನಾಳದ ಒತ್ತಡ. ಆರೋಗ್ಯವಂತರಲ್ಲಿ ಅದು ಬಹಳ ಕಡಿಮೆ. ಅಲ್ಲಿನ ಸರಾಸರಿ ಒತ್ತಡ 20 ಮಿಲಿಮೀಟರ್ ಪಾದರಸವನ್ನು ದಾಟಿದರೆ ಪಲ್ಮನರಿ ಹೈಪರ್‌ಟೆನ್ಶನ್ ಎನ್ನುತ್ತಾರೆ. ಮೊದಲು ಈ ಗಡಿ 25 ಇತ್ತು, 2018ರ ತಜ್ಞರ ಸಮಾವೇಶದ ನಂತರ ಇಳಿಸಿದರು. ಹಳೆಯ ರಿಪೋರ್ಟು, ಹೊಸ ರಿಪೋರ್ಟುಗಳಲ್ಲಿ ಬೇರೆ ಬೇರೆ ಮಾತು ಕಂಡರೆ ಗಾಬರಿ ಬೇಡ. ಮನೆಯಲ್ಲಿ ದೊಡ್ಡವರು ನುಂಗುವ ಬಿ.ಪಿ. ಮಾತ್ರೆ ಇದಕ್ಕೆ ನಾಟುವುದಿಲ್ಲ, ಕೆಲವು ಸಲ ಹಾನಿಯನ್ನೂ ಮಾಡುತ್ತದೆ.

ಮೊದಲ ತಿಂಗಳಿಗೊಮ್ಮಿ ನ್ಯುಮೋನಿಯಾ ಆಗ್ತಿತ್ತು. ಈಗ ಎರಡ ವರ್ಷದಿಂದ ದವಾಖಾನಿ ಮೆಟ್ಟಿಲಾ ಹತ್ತಿಲ್ಲ. ತೂತ ಮುಚ್ಚೇತಿ ಅಲ್ರಿ?

ಇದಕ್ಕೆ ಉದ್ದ ಉತ್ತರ ಬೇಕು, ಯಾಕೆಂದರೆ ನಮ್ಮ ಭಾಗದ ಮಕ್ಕಳು ಹೆಚ್ಚಾಗಿ ಕೈತಪ್ಪಿ ಹೋಗುವುದು ಇಲ್ಲೇ.

ಚಿಕ್ಕ ತೂತು ಮುಚ್ಚಿರಬಹುದು. ದೊಡ್ಡ ತೂತಿದ್ದ ಮಗು ಚಿಕಿತ್ಸೆಯಿಲ್ಲದೆ ಹೀಗೆ "ಸುಧಾರಿಸಿದರೆ" ಇನ್ನೊಂದು ಕಾರಣ ಇರುವ ಸಂಭವವೇ ಹೆಚ್ಚು. ತಿಂಗಳಾನುಗಟ್ಟಲೆ ಹೆಚ್ಚು ರಕ್ತ, ಹೆಚ್ಚು ಒತ್ತಡದಲ್ಲಿ ನುಗ್ಗಿದಾಗ ಶ್ವಾಸಕೋಶದ ಸಣ್ಣ ನಾಳಗಳ ಗೋಡೆ ದಪ್ಪವಾಗತೊಡಗುತ್ತದೆ, ಒಳದಾರಿ ಕಿರಿದಾಗುತ್ತದೆ. ಆಗ ತೂತಿನ ಮೂಲಕ ರಕ್ತ ನುಗ್ಗುವುದು ಕಡಿಮೆಯಾಗುತ್ತದೆ. ಶ್ವಾಸಕೋಶ ಒದ್ದೆಯಾಗುವುದು ನಿಲ್ಲುತ್ತದೆ, ನ್ಯುಮೋನಿಯಾ ಕಡಿಮೆಯಾಗುತ್ತದೆ, ಬೆವರು ನಿಲ್ಲುತ್ತದೆ, ಕೂಸು ಸ್ವಲ್ಪ ದಪ್ಪವೂ ಆಗುತ್ತದೆ. ಮನೆಯವರು ಹರಕೆ ತೀರಿಸಿ ಬರುತ್ತಾರೆ. ಎದೆಯ ಸದ್ದು ಕೂಡ ಮೆತ್ತಗಾಗುವುದರಿಂದ ಊರ ಡಾಕ್ಟರೂ "ಈಗ ಪರವಾಗಿಲ್ಲ" ಎನ್ನಬಹುದು. ಒಳಗೆ ಮಾತ್ರ ಕಾಯಿಲೆ ಮುಂದಿನ ಹಂತಕ್ಕೆ ದಾಟಿರುತ್ತದೆ.

ಇಷ್ಟರಲ್ಲೇ ಹಿಡಿದರೆ ನಾಳಗಳ ದಪ್ಪ ಇನ್ನೂ ಹಿಂದಿರುಗಬಹುದು. ತೂತು ಮುಚ್ಚಿದ ಮೇಲೆ ಒತ್ತಡ ಇಳಿಯುತ್ತದೆ. ದೊಡ್ಡ ವಿಎಸ್‌ಡಿ ಇರುವ ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಹಾಗೆ ಗುಣವಾಗುವ ದಾರಿ ಮುಚ್ಚುತ್ತಾ ಬರುತ್ತದೆ. ಆಮೇಲೊಂದು ದಿನ ಬಲಗಡೆಯ ಒತ್ತಡವೇ ಎಡಗಡೆಯದನ್ನು ಮೀರುತ್ತದೆ, ಆಮ್ಲಜನಕವಿಲ್ಲದ ರಕ್ತ ತೂತಿನ ಮೂಲಕ ಉಲ್ಟಾ ಹರಿಯುತ್ತದೆ. ಏಳೋ ಹತ್ತೋ ವರ್ಷಕ್ಕೆ ಉಗುರು ನೀಲಿಯಾಗುತ್ತವೆ, ಬೆರಳ ತುದಿ ಉಬ್ಬುತ್ತವೆ, ಶಾಲೆಯ ಮೆಟ್ಟಿಲು ಹತ್ತಲು ಆಗುವುದಿಲ್ಲ. ಇದನ್ನು ವಿಯೆನ್ನಾದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ ಮೊದಲು ವಿವರಿಸಿದರು. ಅವರ ಹೆಸರಿನಿಂದಲೇ ಐಸೆನ್‌ಮೆಂಗರ್ ಸಿಂಡ್ರೋಮ್ ಎನ್ನುತ್ತಾರೆ. ಚಿಕ್ಕಂದಿನಲ್ಲೇ ತೂತು ಮುಚ್ಚುವ ಊರುಗಳಲ್ಲಿ ಇದು ಈಗ ಅಪರೂಪ. ನಮ್ಮಲ್ಲಿ ಹೈಸ್ಕೂಲು ಓದುವ ಮಕ್ಕಳಲ್ಲಿ ಇನ್ನೂ ಕಾಣುತ್ತೇವೆ.

ಹಾಗಾಗಿ, ಹಿಂದೆ ತೂತು ಎಂದು ಹೇಳಿಸಿಕೊಂಡ ಮಗು ಎಷ್ಟೇ ಚೆನ್ನಾಗಿ ಆಡಿಕೊಂಡಿರಲಿ, ಇದೇ ತಿಂಗಳು ಎಕೋ ಮಾಡಿಸಿ. ಕೈಬೆರಳಿನ ಜೊತೆ ಕಾಲಿನ ಉಗುರನ್ನೂ ನೋಡಿ. ಪಿಡಿಎ ಇರುವವರಲ್ಲಿ ರಕ್ತ ಉಲ್ಟಾ ಹರಿಯತೊಡಗಿದರೆ ಕೈ ಕೆಂಪಗೇ ಇದ್ದು ಕಾಲಷ್ಟೇ ನೀಲಿಯಾಗುತ್ತದೆ.

ಎಕೋದಾಗ ಪ್ರೆಷರ್ ಬರದ್ರು. ಮತ್ತ ಕ್ಯಾಥ್ ಯಾಕ ಮಾಡ್ಬೇಕು? ಅದೂ ಆಪರೇಷನ್ನೇನು?

ಎಕೋ ಹೇಳುವುದು ಅಂದಾಜು ಒತ್ತಡ. ಒತ್ತಡ ಹೆಚ್ಚಿರುವುದು ರಕ್ತ ಹೆಚ್ಚು ನುಗ್ಗುತ್ತಿರುವುದರಿಂದಲೋ, ನಾಳಗಳು ಕೆಟ್ಟಿರುವುದರಿಂದಲೋ ಎಂಬುದು ಅದರಿಂದ ಪೂರ್ತಿ ತಿಳಿಯುವುದಿಲ್ಲ. ಮೊದಲನೆಯದಾದರೆ ಮುಚ್ಚಿದರೆ ಗುಣ, ಎರಡನೆಯದಾದರೆ ಮುಚ್ಚುವುದೇ ಅಪಾಯ. ಕೆಲವೇ ತಿಂಗಳ ಕೂಸಿಗೆ ಬಹಳ ಸಲ ಕ್ಯಾಥ್ ಬೇಕಾಗುವುದಿಲ್ಲ. ತಡವಾಗಿ ಬಂದ ಮಗುವಿಗೆ ಬೇಕು. ತೊಡೆಯ ನಾಳದಿಂದ ತೆಳುವಾದ ಕೊಳವೆ ಹಾಕಿ, ಶ್ವಾಸಕೋಶದ ನಾಳಗಳ ಪ್ರತಿರೋಧ ಎಷ್ಟಿದೆ, ಆಮ್ಲಜನಕ ಕೊಟ್ಟಾಗ ಅದು ಇಳಿಯುತ್ತದೆಯೇ ಎಂದು ಅಳೆಯುತ್ತಾರೆ. ಮಕ್ಕಳಲ್ಲಿ ಈ ಲೆಕ್ಕ 4 ಯೂನಿಟ್‌ಗಿಂತ ಕೆಳಗಿದ್ದರೆ ಮುಚ್ಚಬಹುದು. 8 ದಾಟಿದ್ದರೆ ಸಾಮಾನ್ಯವಾಗಿ ಮುಚ್ಚುವುದಿಲ್ಲ. ನಡುವೆ ಇದ್ದರೆ ಒಂದೊಂದು ಮಗುವನ್ನೂ ಬೇರೆಯಾಗಿ ತೂಗಿ ನೋಡುತ್ತಾರೆ. ಎದೆ ಕೊಯ್ಯುವುದಿಲ್ಲ, ಹೊಲಿಗೆಯೂ ಇರುವುದಿಲ್ಲ.

ನಮ್ಮ ಕೂಸಿಗೆ ಡೌನ್ ಸಿಂಡ್ರೋಮ್ ಅದ. ಬುದ್ಧಿನೇ ಬೆಳೆಯಂಗಿಲ್ಲ, ಹೃದಯ ಆಪರೇಷನ್ ಯಾಕ ಅಂತ ಮಂದಿ ಕೇಳ್ತಾರ.

ಮಂದಿಗೆ ಹೇಳಿ: ಈ ಮಗು ಕಲಿಯುತ್ತದೆ, ನಗುತ್ತದೆ, ಮನೆಯವರನ್ನು ಹಚ್ಚಿಕೊಳ್ಳುತ್ತದೆ, ಬದುಕುವ ಹಕ್ಕು ಅದಕ್ಕೂ ಅಷ್ಟೇ ಇದೆ. ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ 40ರಿಂದ 50 ಪ್ರತಿಶತದವರಿಗೆ ಹೃದಯದ ದೋಷ ಇರುತ್ತದೆ. ಹಾಗಾಗಿ ಲಕ್ಷಣ ಇರಲಿ ಬಿಡಲಿ, ಹುಟ್ಟಿದ ತಿಂಗಳಲ್ಲೇ ಎಕೋ ಆಗಬೇಕು. ಇವರಲ್ಲಿ ಶ್ವಾಸಕೋಶದ ನಾಳಗಳು ಬೇರೆ ಮಕ್ಕಳಿಗಿಂತ ಬೇಗ ಕೆಡುತ್ತವೆ. ಗೋಡೆಯ ನಡುಭಾಗವೇ ಕೂಡದ ಎವಿಎಸ್‌ಡಿ ಇದ್ದರೆ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಿರಬೇಕು.

ನಮ್ಮವ್ವಗ ಅರವತ್ತ ವರ್ಷ. ಆಕಿಗೂ ಇದಾ ಹೆಸರ ಬರದಾರ. ಆಕಿಗೂ ಹುಟ್ಟಿದಾಗಿಂದ ತೂತೇನು?

ಇರಲಿಕ್ಕಿಲ್ಲ, ಆದರೂ ನೋಡಿಸಬೇಕು. ಎಎಸ್‌ಡಿ ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು ನಡುವಯಸ್ಸಿನಲ್ಲಿ ಸಿಗುವುದುಂಟು. ದೊಡ್ಡವರಲ್ಲಿ ಹೃದಯದ ಎಡಭಾಗದ ತೊಂದರೆ, ಚಿಕ್ಕಂದಿನ ಕೀಲುಜ್ವರದಿಂದ ಕಿರಿದಾದ ಕವಾಟ, ವರ್ಷಗಟ್ಟಲೆ ಒಲೆಹೊಗೆ-ಬೀಡಿಯಿಂದ ಕೆಟ್ಟ ಶ್ವಾಸಕೋಶ, ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕೂಡ ಈ ಒತ್ತಡ ತರುತ್ತವೆ. ಕಾರಣ ಬೇರೆಯಾದರೆ ಔಷಧವೂ ಬೇರೆ. ಮಗುವಿನ ಮಾತ್ರೆಯನ್ನು ಅವ್ವನಿಗೆ ಕೊಡಬೇಡಿ.

## ದೂರ, ದುಡ್ಡು, ಕಾಗದ

ಎಲ್ಲಿಗೆ ಹೋಗ್ಬೇಕ್ರಿ? ಬೆಂಗಳೂರಿಗೇ ಹೋಗ್ಬೇಕೇನು?

ಮೊದಲ ಎಕೋಗೆ ಬೇಡ. ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗಳಂಥ ವೈದ್ಯಕೀಯ ಕಾಲೇಜುಗಳಲ್ಲಿ ಎಕೋ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಹತ್ತಿರದ ಊರು ಬೆಳಗಾವಿ. ಅಲ್ಲಿನ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಬೆಂಗಳೂರಿನಲ್ಲಿ ಸರ್ಕಾರದ ಜಯದೇವ ಸಂಸ್ಥೆ, ನಾರಾಯಣ ಹೃದಯಾಲಯ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಇವೆ. ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣ ಕೇಳುವುದಿಲ್ಲ, ಆದರೆ ಸರದಿ ಕಾಯಬೇಕಾಗುತ್ತದೆ. ಮಗುವಿನ ತಾರೀಖು ಹತ್ತಿರವಿದ್ದರೆ ಒಂದೇ ಸರದಿ ನಂಬಿ ಕೂರಬೇಡಿ.

ಸಾಮಾನ್ಯ ಎಕೋ ಮಾಡುವವರೆಲ್ಲ ಮಕ್ಕಳ ಹೃದಯದಲ್ಲಿ ಪಳಗಿದವರಲ್ಲ. "ತೂತು ಇದೆ" ಎಂದಷ್ಟೇ ಬರೆದು, ಅಳತೆ ಮತ್ತು ಶ್ವಾಸಕೋಶದ ಒತ್ತಡ ಬರೆಯದಿದ್ದರೆ ಮಕ್ಕಳ ಹೃದಯ ತಜ್ಞರಿಂದ ಇನ್ನೊಮ್ಮೆ ಮಾಡಿಸಿ.

ನಮ್ಮ ಹತ್ರ ರೊಕ್ಕಾ ಇಲ್ಲ. ಹೊಲಾ ಮಾರ್ಬೇಕೇನು?

ಹೊಲ ಮಾರುವ ಮೊದಲು ಈ ಎರಡು ಬಾಗಿಲು ತಟ್ಟಿ.

ಒಂದು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಎಲ್ಲರೂ ಆರ್‌ಬಿಎಸ್‌ಕೆ ಎನ್ನುತ್ತಾರೆ. 2013ರಲ್ಲಿ ಶುರುವಾದದ್ದು. 18 ವರ್ಷದೊಳಗಿನ ಮಕ್ಕಳಿಗೆ, ಹೃದಯದ ಜನ್ಮದೋಷವೂ ಇದರ ಪಟ್ಟಿಯಲ್ಲಿದೆ. ಇದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬರುವತನಕ ಕಾಯಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ತಂಡದ ವೈದ್ಯರನ್ನು ನೀವೇ ಹುಡುಕಿಕೊಂಡು ಹೋಗಬಹುದು. ಎರಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿತನಕ ಚಿಕಿತ್ಸೆ, ಎಪಿಎಲ್‌ನವರಿಗೆ ವೆಚ್ಚದ 30 ಪ್ರತಿಶತ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದಿಲ್ಲದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಪತ್ರಕ್ಕಾಗಿ ಮತ್ತೆ ಊರಿಗೆ ಬಂದವರು ಬಹಳ ಮಂದಿ.

ಕೂಸಿನ ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೂ ಸೇರಿಲ್ಲ ಎಂದು ಹಿಂದೆ ಸರಿಯಬೇಡಿ. ಜನನ ಪ್ರಮಾಣಪತ್ರ ಮತ್ತು ತಾಯಿ-ತಂದೆಯ ಕಾರ್ಡು, ಆಧಾರ್ ತೆಗೆದುಕೊಂಡು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಹೋಗಿ. ಆಸ್ಪತ್ರೆ ಸೇರುವ ಚಿಕಿತ್ಸೆಗೆ ಯೋಜನೆ ಇದೆ. ಪ್ರಯಾಣ, ಊಟ, ಉಳಿಯುವ ಖರ್ಚು, ಬಿಟ್ಟ ಕೂಲಿ ಮಾತ್ರ ನಿಮ್ಮ ತಲೆಯ ಮೇಲೇ ಬೀಳುತ್ತವೆ. ಎಷ್ಟೋ ಮನೆಗಳು ಸೋಲುವುದು ಶಸ್ತ್ರಚಿಕಿತ್ಸೆಯ ಬಿಲ್ಲಿಗಲ್ಲ, ಈ ಖರ್ಚಿಗೆ.

ಇಷ್ಟ ಸಣ್ಣ ಕೂಸನ್ನ ಐದನೂರ ಕಿಲೋಮೀಟರ್ ಹೆಂಗ ಒಯ್ಯೂದು?

ಹಾಲು ಕುಡಿಯುತ್ತಾ ಉಸಿರಾಟ ಹತೋಟಿಯಲ್ಲಿದ್ದರೆ ರೈಲು ಬಸ್ಸಿಗಿಂತ ಮೇಲು. ಬೆಳಗಾವಿ ಕಡೆಯವರಿಗೆ ರಾಣಿ ಚೆನ್ನಮ್ಮ, ವಿಜಯಪುರ-ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇವೆ. ಹೃದಯ ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ 75 ಪ್ರತಿಶತ ರಿಯಾಯಿತಿ ಇದೆ. ವೈದ್ಯರು ಸಹಿ ಮಾಡಿದ ರೈಲ್ವೆ ನಮೂನೆಯನ್ನು ಕೌಂಟರಿನಲ್ಲಿ ಕೊಡಬೇಕು.

ಫ್ಯಾಲೋ ಮಗು ದಾರಿಯಲ್ಲಿ ಅತ್ತು ಅತ್ತು ತೀರಾ ನೀಲಿಯಾದರೆ ಎರಡೂ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದು ಸಮಾಧಾನ ಮಾಡಿ, ಮುಂದಿನ ನಿಲ್ದಾಣದಲ್ಲೇ ಸಹಾಯ ಕೇಳಿ. ಹುಟ್ಟಿದ ಮೊದಲ ವಾರದಲ್ಲೇ ನೀಲಿಯಾಗಿರುವ ಕೂಸನ್ನು ರೈಲಿನಲ್ಲಿ ಒಯ್ಯಬಾರದು. ಅದರ ಪಿಡಿಎ ನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ಔಷಧ ಹನಿಹನಿಯಾಗಿ ಹೋಗುತ್ತಿರುವಾಗಲೇ, ಆಮ್ಲಜನಕ ಮತ್ತು ನರ್ಸ್ ಇರುವ ಆಂಬುಲೆನ್ಸಿನಲ್ಲಿ ಕಳಿಸಬೇಕು.

ನಾವು ಕಬ್ಬ ಕಡಿಯಾಕ, ಗೋವಾಕ್ಕ ದುಡಿಯಾಕ ಹೋಗ್ತೀವಿ. ಶಾಲಿಗೆ ತಂಡ ಬಂದಾಗ ಊರಾಗ ಇರಂಗಿಲ್ಲ. ಏನ್ ಮಾಡೂಣು?

ವಲಸೆ ಹೋಗುವ ಮನೆಗಳ ಮಕ್ಕಳು ಎರಡೂ ಕಡೆಯ ಪಟ್ಟಿಯಲ್ಲಿ ಇರುವುದಿಲ್ಲ. ಹೊರಡುವ ಮುಂಚೆ ಆಶಾ ಅಕ್ಕನಿಗೆ ತಿಳಿಸಿ, ಎಕೋ ರಿಪೋರ್ಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮೂಲಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ವೈದ್ಯರು ಅದರ ಮೇಲೆ ಬರೆಯಬೇಕಾಗುತ್ತದೆ. ಮುಂದಿನ ತಪಾಸಣೆಯನ್ನು ಯುಗಾದಿಗೋ ಊರ ಜಾತ್ರೆಗೋ ನೀವು ಊರಿಗೆ ಬರುವ ದಿನಕ್ಕೆ ಹೊಂದಿಸಿಕೊಡಿ ಎಂದು ಕೇಳಿ. ಕೇಳಿದರೆ ಬಹಳಷ್ಟು ವೈದ್ಯರು ಒಪ್ಪುತ್ತಾರೆ.

ಹೆಣ್ಣ ಕೂಸು ಐತಿ. ಎದಿ ಮ್ಯಾಲ ಗೆರಿ ಬಿದ್ರ ನಾಳೆ ಯಾರ್ ಮಾಡ್ಕೋತಾರ?

ಗಂಡು ಮಗುವಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿಯೇ ಇಲ್ಲ. ಸಲಹೆ ಸಿಕ್ಕ ಮೇಲೂ ಹೆಣ್ಣುಮಕ್ಕಳಿಗೆ ಶಸ್ತ್ರಚಿಕಿತ್ಸೆ ಕಡಿಮೆ ಆಗುತ್ತದೆ ಎಂಬುದನ್ನು ನಮ್ಮ ದೇಶದ ಅಧ್ಯಯನಗಳೂ ತೋರಿಸಿವೆ. ಗೆರೆ ವರ್ಷ ಕಳೆದಂತೆ ಮಾಸುತ್ತದೆ, ರವಿಕೆಯೊಳಗೆ ಮರೆಯಾಗುತ್ತದೆ. ಸಮಯಕ್ಕೆ ತೂತು ಮುಚ್ಚಿಸಿಕೊಂಡು ಒತ್ತಡ ಸಹಜಕ್ಕೆ ಬಂದ ಹೆಣ್ಣುಮಗಳು ಓದುತ್ತಾಳೆ, ದುಡಿಯುತ್ತಾಳೆ, ಸಾಮಾನ್ಯವಾಗಿ ಹೆರಬಲ್ಲಳು. ಮುಚ್ಚದೆ ಬಿಟ್ಟರೆ ಬರುವ ಕಾಯಿಲೆಯಲ್ಲಿ ಬಸಿರೇ ಜೀವಕ್ಕೆ ಎರವಾಗುತ್ತದೆ.

ನಮ್ಮ ಭಾಗಕ್ಕಾ ಯಾಕ ಹಿಂಗ? ಬೆಂಗಳೂರಾಗ ಎಲ್ಲಾ ಅದಾವಲ್ಲ?

ಕೋಪ ನ್ಯಾಯವಾದದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಚ್ಚಿನವು ಉತ್ತರದಲ್ಲೇ ಇದ್ದವು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿತು, ಕಲಬುರಗಿಗೆ ಜಯದೇವದ ಶಾಖೆಯೂ ಬಂತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಆ ವಿಧಿಯ ಹೊರಗೆ ಉಳಿದವು. 2021ರಲ್ಲಿ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂದರೂ ಅಂಥ ರಕ್ಷಣೆ ಬರಲಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂದು 2025ರಲ್ಲಿ ವಿಜಯಪುರದ ಜನ ತಿಂಗಳುಗಟ್ಟಲೆ ಧರಣಿ ಕೂತರು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಕೂಸಿಗೂ ಜಯನಗರದಲ್ಲಿ ಹುಟ್ಟಿದ ಕೂಸಿಗೂ ತೂತು ಒಂದೇ ಅಳತೆಯದು. ಒಂದಕ್ಕೆ ನಾಲ್ಕನೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಗುತ್ತದೆ, ಇನ್ನೊಂದು ನಾಲ್ಕನೇ ವರ್ಷಕ್ಕೆ ಮೊದಲ ಎಕೋ ಕಾಣುತ್ತದೆ.

## ಮುಚ್ಚುವ ಕಾಲ ದಾಟಿದವರಿಗೆ

ಈಗ ಆಪರೇಷನ್ ಮಾಡಂಗಿಲ್ಲ ಅಂದ್ರು. ರೊಕ್ಕಾ ಇಲ್ಲ ಅಂತ ಹಂಗ ಅಂದ್ರೇನು?

ಅಲ್ಲ. ಈ ಹಂತದಲ್ಲಿ ಆ ತೂತೇ ಜೀವ ಉಳಿಸುತ್ತಿರುತ್ತದೆ. ತುಂಬಿದ ಕೆರೆಗೆ ಕೋಡಿ ಇದ್ದಂತೆ, ಬಲಗಡೆಯ ಅತಿಯಾದ ಒತ್ತಡ ಅದರ ಮೂಲಕ ಹೊರಬೀಳುತ್ತಿರುತ್ತದೆ. ಅದನ್ನು ಮುಚ್ಚಿದರೆ ಹೃದಯದ ಬಲಭಾಗ ಸೋತು ಹೋಗುತ್ತದೆ. ಇನ್ನೊಂದು ಊರಿನಲ್ಲಿ ಯಾರಾದರೂ "ನಾವು ಮುಚ್ಚಿಕೊಡುತ್ತೇವೆ" ಎಂದರೆ ಕ್ಯಾಥ್ ರಿಪೋರ್ಟ್ ತೋರಿಸಿ, ಲೆಕ್ಕ ವಿವರಿಸಿ ಎಂದು ಕೇಳಿ. ಐಸೆನ್‌ಮೆಂಗರ್ ಇರುವವರು ಸರಿಯಾದ ನಿಗಾದಲ್ಲಿ ನಲವತ್ತು ದಾಟಿ ಬದುಕುತ್ತಾರೆ. ಅಂಗಡಿ ನಡೆಸುವವರು, ಪಾಠ ಹೇಳುವವರೂ ಇದ್ದಾರೆ.

ಮಗಳಿಗೆ ಸಿಲ್ಡೆನಾಫಿಲ್ ಬರದಾರ. ಮೆಡಿಕಲ್ ಅಂಗಡ್ಯಾಂವ ನಕ್ಕ. ಇದು ಅಕಿಗ್ಯಾಕ?

ಅವನಿಗೆ ಗೊತ್ತಿಲ್ಲದೆ ನಕ್ಕಿದ್ದಾನೆ. ಈ ಔಷಧ ಶ್ವಾಸಕೋಶದ ನಾಳಗಳನ್ನು ಸಡಿಲಿಸುತ್ತದೆ. ಪಲ್ಮನರಿ ಹೈಪರ್‌ಟೆನ್ಶನ್‌ಗೆಂದು 2005ರಿಂದ ಮಾನ್ಯತೆ ಪಡೆದದ್ದು. ತಡಾಲಾಫಿಲ್, ಬೋಸೆಂಟಾನ್, ಆಂಬ್ರಿಸೆಂಟಾನ್ ಕೂಡ ಬಳಕೆಯಲ್ಲಿವೆ. ಇವು ತೂತನ್ನೂ ಮುಚ್ಚವು, ಕಾಯಿಲೆಯನ್ನು ಬೇರಿನಿಂದಲೂ ಕೀಳವು, ಆದರೆ ನಡೆಯುವ ದೂರ ಹೆಚ್ಚಿಸುತ್ತವೆ, ಉಸಿರು ಹಗುರ ಮಾಡುತ್ತವೆ. ಒಮ್ಮೆಲೇ ನಿಲ್ಲಿಸಬಾರದು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯ ಜೊತೆ ಸಿಲ್ಡೆನಾಫಿಲ್, ತಡಾಲಾಫಿಲ್ ಕೂಡದು, ಬಿ.ಪಿ. ಕುಸಿಯುತ್ತದೆ. ಬೋಸೆಂಟಾನ್ ಇದ್ದರೆ ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಬೇಕು. ತಿಂಗಳ ಮಾತ್ರೆಯ ಖರ್ಚು ಆಸ್ಪತ್ರೆ ಯೋಜನೆಯಲ್ಲಿ ಸೇರುವುದಿಲ್ಲ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಹಿಮೋಗ್ಲೋಬಿನ್ ಇಪ್ಪತ್ತ ಬಂದೈತಿ. ರಕ್ತ ಭಾಳ ಛಲೋ ಐತಿ ಅಂತಾರ. ಹೌದೇನು?

ಆಮ್ಲಜನಕ ಕಡಿಮೆ ಇರುವುದರಿಂದ ಮೈ ಹೆಚ್ಚು ಕೆಂಪುಕಣ ಮಾಡಿಕೊಂಡಿದೆ. ರಕ್ತ ದಪ್ಪವಾಗಿದೆ. ಹಾಗೆಂದು ರಕ್ತ ತೆಗೆಸಬೇಡಿ, ಪದೇ ಪದೇ ತೆಗೆದರೆ ಕಬ್ಬಿಣಾಂಶ ಕುಸಿದು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಹಿಮೋಗ್ಲೋಬಿನ್ ಇಪ್ಪತ್ತಿದ್ದರೂ ಒಳಗೆ ಕಬ್ಬಿಣದ ಕೊರತೆ ಇರಬಹುದು, ಪರೀಕ್ಷೆ ಮಾಡಿಸಿ.

ವಿಜಯಪುರದ ಏಪ್ರಿಲ್-ಮೇ ಬಿಸಿಲಿನಲ್ಲಿ ಇವರಿಗೆ ನೀರು ಕಡಿಮೆಯಾಗಬಾರದು. ವಾಂತಿ-ಭೇದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೀರು ಬಿಟ್ಟು ಮಾಡುವ ಉಪವಾಸ, ರೋಜಾ ಇವರಿಗೆ ಬೇಡ. ಸಲೈನ್ ಹಾಕುವಾಗ ನಳಿಕೆಯಲ್ಲಿ ಒಂದು ಗಾಳಿಗುಳ್ಳೆಯೂ ಇರಬಾರದು. ಅದು ತೂತಿನ ಮೂಲಕ ನೇರ ಮಿದುಳಿಗೆ ಹೋಗಬಲ್ಲದು. ಹೊಸ ನರ್ಸಿಗೆ ಇದನ್ನು ನೀವೇ ನೆನಪಿಸಿ, ಸಂಕೋಚ ಬೇಡ. ಹಲ್ಲು ಕೀಳಿಸುವ ಮುನ್ನ ಹೃದಯದ ವಿಷಯ ದಂತವೈದ್ಯರಿಗೆ ಹೇಳಿ.

ಮದುವಿ ಮಾಡಬಹುದೇನ್ರಿ? ಹುಡುಗನ ಕಡ್ಯಾವ್ರಿಗೆ ಹೇಳ್ಬೇಕೇನು?

ಮದುವೆಗೆ ಕಾಯಿಲೆ ಅಡ್ಡಿಯಲ್ಲ. ಬಸಿರು ಅಡ್ಡಿ. ಐಸೆನ್‌ಮೆಂಗರ್ ಇರುವ ಹೆಣ್ಣು ಬಸಿರಾದರೆ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರತನಕ ಪ್ರಾಣ ಕಳೆದುಕೊಂಡ ದಾಖಲೆಗಳಿವೆ. ಹೆರಿಗೆಯ ನಂತರದ ಮೊದಲ ವಾರಗಳೇ ಹೆಚ್ಚು ಅಪಾಯದವು. ಇದನ್ನು ಮುಚ್ಚಿಟ್ಟು ಮದುವೆ ಮಾಡಿದರೆ, ವರ್ಷದೊಳಗೆ "ಇನ್ನೂ ಏನೂ ಇಲ್ಲೇನು" ಎಂಬ ಒತ್ತಾಯ ಶುರುವಾಗುತ್ತದೆ, ಆ ಹುಡುಗಿ ಬಾಯಿ ಬಿಡಲಾರಳು. ಹೇಳಿಯೇ ಮಾಡಿ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ಇವರಿಗೆ ಬೇಡ, ಹೆಪ್ಪುಗಟ್ಟುತ್ತದೆ. ಬೋಸೆಂಟಾನ್ ನುಂಗುವವರಲ್ಲಿ ಹಾರ್ಮೋನ್ ಗುಳಿಗೆಯ ಬಲವೂ ಕಡಿಮೆಯಾಗುತ್ತದೆ, ಆ ಔಷಧವೇ ಗರ್ಭಸ್ಥ ಶಿಶುವಿಗೆ ಹಾನಿಕರ. ಹೃದಯ ತಜ್ಞರು ಮತ್ತು ಸ್ತ್ರೀರೋಗ ತಜ್ಞರು ಕೂಡಿಯೇ ದಾರಿ ಹೇಳಬೇಕು. ಆಗಲೇ ಮುಟ್ಟು ನಿಂತಿದ್ದರೆ ಒಂದು ವಾರವೂ ಕಳೆಯಬೇಡಿ.

ನಮ್ಮ ಜಿಲ್ಲಾದಾಗ ಏನ್ ಬದಲಾದ್ರ ಇದು ಕಮ್ಮಿ ಆಗ್ತದ?

ದೊಡ್ಡ ಕಟ್ಟಡ ಬರಲಿ, ಬೇಡ ಎನ್ನುವುದಿಲ್ಲ. ಅದಕ್ಕಿಂತ ಮುಂಚೆ ಮತ್ತು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳಿವೆ. ಹೆರಿಗೆ ಆಗುವ ಪ್ರತಿ ಸರ್ಕಾರಿ ಕೇಂದ್ರದಲ್ಲೂ ಶಿಶು ಪ್ರೋಬ್ ಇರುವ ಆಕ್ಸಿಮೀಟರ್ ಇರಬೇಕು, ಮನೆಗೆ ಕಳಿಸುವ ಮುನ್ನ ಓದನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ವಿಜಯಪುರ ಮತ್ತು ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗಳಿಗೆ ಮಕ್ಕಳ ಹೃದಯ ತಜ್ಞರು ನಿಗದಿತ ದಿನ ತಪ್ಪದೆ ಬರಬೇಕು. ಎಕೋದಲ್ಲಿ ದೊಡ್ಡ ತೂತು ಕಂಡ ಮಗುವಿನ ಹೆಸರು ಒಂದು ಪಟ್ಟಿಗೆ ಸೇರಬೇಕು. ಆ ಮಗು ನಿಗದಿತ ತಾರೀಖಿಗೆ ಆಸ್ಪತ್ರೆ ಮುಟ್ಟದಿದ್ದರೆ ಮನೆಗೆ ಫೋನು ಹೋಗಬೇಕು, ಫೋನು ಹತ್ತದಿದ್ದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಹೋಗಬೇಕು, ಹೋದ ಆಕೆಗೆ ಅದರ ಹಣ ಸಿಗಬೇಕು. ಒಬ್ಬ ಪಾಲಕರ ಪ್ರಯಾಣ ಮತ್ತು ಕೂಲಿಯನ್ನು ಯೋಜನೆಯೇ ಭರಿಸಬೇಕು.

ಗ್ರಾಮಸಭೆಯಲ್ಲಿ, ಶಾಸಕರ ಮನೆ ಮುಂದೆ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಈ ಒಂದೊಂದನ್ನೂ ಬರವಣಿಗೆಯಲ್ಲಿ ಕೇಳಿ. ಅರ್ಜಿಯಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು ಮಕ್ಕಳಿಗೆ ತೂತು ಪತ್ತೆಯಾಯಿತು, ಅವರಲ್ಲಿ ಎಷ್ಟು ಮಂದಿಗೆ ಒಂದು ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಯಿತು ಎಂಬ ಎರಡು ಪ್ರಶ್ನೆ ಇರಲಿ.